‘ನಷ್ಟ’ ಯಾವುದು, ‘ಹಾನಿ’ ಯಾವುದು?

ಹವಾಮಾನ ಬದಲಾವಣೆಯಿಂದ ಬಡ ದೇಶಗಳಿಗೆ ಬೀಳುವ ಪೆಟ್ಟನ್ನು ಲೆಕ್ಕ ಹಾಕುವುದು ನನ್ನ ಕೆಲಸ. ಅದನ್ನು ಕನ್ನಡದಲ್ಲಿ ಬರೆಯಲು ಕೂತಾಗಲೆಲ್ಲ ‘ಲಾಸ್ ಅಂಡ್ ಡ್ಯಾಮೇಜ್’ ಎಂಬ ಜೋಡಿಪದ ಕಾಲಿಗೆ ತೊಡರುತ್ತದೆ. ‘ನಷ್ಟ ಮತ್ತು ಹಾನಿ’ ಎಂದು ಬರೆದು ಮುಂದೆ ಹೋಗಲು ಮನಸ್ಸು ಒಪ್ಪುತ್ತಿಲ್ಲ.

ಈ ವಿಷಯದಲ್ಲಿ ಕೆಲಸ ಮಾಡುವವರು ಸಾಮಾನ್ಯವಾಗಿ ಲಾಸ್ ಎನ್ನುವುದು ಮತ್ತೆ ಬಾರದ್ದಕ್ಕೆ: ಜೀವ, ಕಡಲು ನುಂಗಿದ ನೆಲ. ಡ್ಯಾಮೇಜ್ ಎನ್ನುವುದು ರಿಪೇರಿ ಆಗುವಂಥದ್ದಕ್ಕೆ: ಮನೆ, ರಸ್ತೆ, ಸೇತುವೆ. ಕನ್ನಡದಲ್ಲಿ ಇದು ತಿರುಗುಮುರುಗು. ‘ಈ ಸಲ ಈರುಳ್ಳಿಯಲ್ಲಿ ನಷ್ಟ ಆಯ್ತು’ ಎನ್ನುವ ರೈತನಿಗೆ ಮುಂದಿನ ಬೆಳೆಯಲ್ಲಿ ತುಂಬಿಕೊಳ್ಳುವ ಆಸೆ ಇದ್ದೇ ಇರುತ್ತದೆ. ಜೀವ ಹೋದರೆ ಮಾತ್ರ ನಾವು ‘ಪ್ರಾಣಹಾನಿ’ ಎನ್ನುತ್ತೇವೆ. ಸಂಸ್ಕೃತದ ‘ನಷ್ಟ’ಕ್ಕೆ ಕಾಣೆಯಾದದ್ದು, ಅಳಿದದ್ದು ಎಂಬ ಅರ್ಥವಿದೆ, ನಮ್ಮ ಅಂಗಡಿ ಲೆಕ್ಕದಲ್ಲಿ ಅದು ಸವೆದುಹೋಗಿದೆ.

ಇದಕ್ಕಿಂತ ದೊಡ್ಡ ತೊಡಕು ‘ಪರಿಹಾರ’ದ್ದು. ‘ನಷ್ಟ’ ಎಂದಕೂಡಲೇ ಅದು ಬೆನ್ನಿಗೇ ಬರುತ್ತದೆ. ಸಮುದ್ರ ಏರಿ ಮುಳುಗುವ ನೆಲಕ್ಕೆ ಶ್ರೀಮಂತ ದೇಶಗಳ ಹಣದಿಂದ ವಿಮಾ ನಿಧಿ ಬೇಕೆಂದು 1991ರಲ್ಲೇ ಪೆಸಿಫಿಕ್ ಸಾಗರದ ವನುವಾಟು ದೇಶ ಪುಟ್ಟ ದ್ವೀಪರಾಷ್ಟ್ರಗಳ ಪರವಾಗಿ ಕೇಳಿತ್ತು. ಆದರೆ 2015ರಲ್ಲಿ ಪ್ಯಾರಿಸ್ ಹವಾಮಾನ ಒಪ್ಪಂದದ ಜೊತೆಗಿನ ನಿರ್ಣಯ, ಲಾಸ್ ಅಂಡ್ ಡ್ಯಾಮೇಜ್ ಕುರಿತ ಅದರ 8ನೇ ವಿಧಿ ಹೊಣೆಗಾರಿಕೆಗಾಗಲಿ ನಷ್ಟಪರಿಹಾರಕ್ಕಾಗಲಿ ಆಧಾರವಲ್ಲ ಎಂದುಬಿಟ್ಟಿತು. 2022ರಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್‌ನ ಹವಾಮಾನ ಸಮ್ಮೇಳನದಲ್ಲಿ ಒಪ್ಪಿದ ಲಾಸ್ ಅಂಡ್ ಡ್ಯಾಮೇಜ್ ನಿಧಿ ಮರುವರ್ಷ ದುಬೈಯಲ್ಲಿ ಜಾರಿಗೆ ಬಂದಾಗಲೂ ಅದೇ ಮಾತು. ಹೀಗಿರುವಾಗ ಅದನ್ನು ‘ಪರಿಹಾರ ನಿಧಿ’ ಎಂದರೆ, ಬಡ ದೇಶಗಳಿಗೆ ಸಿಗದ ಹಕ್ಕು ಸಿಕ್ಕಿದೆ ಎಂದು ಓದುಗರಿಗೆ ಹೇಳಿದಂತಾಗುತ್ತದೆ. ‘ನೆರವು ನಿಧಿ’ ಎಂದೇ ಬರೆಯುತ್ತಿದ್ದೇನೆ.

ಇನ್ನು ಈ ಗದ್ದೆ ನೋಡಿ. 2009ರ ಐಲಾ ಚಂಡಮಾರುತಕ್ಕೆ ಬಾಂಗ್ಲಾದೇಶದ ಖುಲ್ನಾ, ಸಾತ್ಖೀರಾ ಕಡೆ ಒಡ್ಡುಗಳು ಒಡೆದು ಉಬ್ಬರದ ನೀರು ಒಳಗೆ ನುಗ್ಗಿತು. ಒಡ್ಡು ಮತ್ತೆ ಕಟ್ಟಬಹುದು. ಉಪ್ಪು ಮಾತ್ರ ಮಣ್ಣಲ್ಲಿ ಕೂತಿರುತ್ತದೆ, ನಮ್ಮ ತುಂಗಭದ್ರಾ ಅಚ್ಚುಕಟ್ಟಿನ ಸವಳು ನೆಲದ ಹಾಗೆ. ಮಳೆ ತೊಳೆದು ತೊಳೆದು ನೆಲ ಸರಿಹೋದೀತು, ನಡುವಿನ ವರ್ಷಗಳ ಭತ್ತ ಬಾರದು. ಒಂದೇ ಗದ್ದೆಗೆ ಎರಡೂ ಪದ ಬೇಕು.

‘ಅಳಿವು ಮತ್ತು ಹಾನಿ’ ಎಂದು ಬರೆದು ನೋಡಿದೆ. ‘ಅಳಿವು’ ಎಂದರೆ ಹುಲಿ, ಹದ್ದುಗಳ ಸಂತತಿಯೇ ನೆನಪಾಗುತ್ತದೆ. ಉಳ್ಳಾಲದ ಕಡಲ್ಕೊರೆತದ ಸುದ್ದಿಗಳಲ್ಲಿ ಮನೆ ‘ಸಮುದ್ರಪಾಲು’ ಆಗುತ್ತದೆ. ಮತ್ತೆ ಬಾರದ್ದನ್ನು ಆ ‘ಪಾಲು’ ಎಷ್ಟು ಚೆನ್ನಾಗಿ ಹೇಳುತ್ತದೆ! ಆದರೆ ಬರಕ್ಕೆ ಒಣಗಿ ಸತ್ತ ತೋಟಕ್ಕೆ ಅದು ಒಗ್ಗದು. ನೆರೆಗೂ ಬರಕ್ಕೂ ಸಲ್ಲುವ, ಹೋದದ್ದು ಹೋಯಿತು ಎನ್ನುವ ಪದ ನಿಮ್ಮ ಕಡೆಯ ಮಾತಿನಲ್ಲಿ ಯಾವುದಿದೆ?