ಜಿಪ್ಸಿಯ ಫೈಬರ್ ಟಾಪ್ ಬೇಗ ಬಿಚ್ಚೋಕೆ ದಾರಿ ಇದೆಯಾ? ಬೋಲ್ಟ್ ಬದಲು ಲ್ಯಾಚ್ ಹಾಕಬಹುದಾ?

ಪಾಂಡವಪುರ_ಜಿಪ್ಸಿ:
ಎಲ್ಲರಿಗೂ ನಮಸ್ಕಾರ. ನನ್ನದು ಮಾರುತಿ ಜಿಪ್ಸಿ ಕಿಂಗ್, ಸಾಫ್ಟ್ ಟಾಪ್ (ಬಟ್ಟೆ ಚಾವಣಿಯ) ಗಾಡಿ. ಮೇಲೆ ಫೈಬರ್ ಹಾರ್ಡ್‌ಟಾಪ್ ಕೂರಿಸಿದೆ. ಬೇಸಿಗೆ ಸಂಜೆ ಮೇಲುಕೋಟೆ ಕಡೆ ಟಾಪ್ ಇಲ್ಲದೆ ಓಡಿಸೋ ಖುಷಿನೇ ಬೇರೆ. ಆದರೆ ಅದನ್ನ ಬಿಚ್ಚೋಕೆ ಒಂದೂವರೆ ಗಂಟೆ ಬೇಕು.

ಒಟ್ಟು 13 ಬೋಲ್ಟು. ಮುಂದಿನ ಗಾಜಿನ ಫ್ರೇಮ್ ಮೇಲೆ 3, ಪಕ್ಕಕ್ಕೆ 4-4, ಹಿಂದಿನ ಮೂಲೆಗಳಲ್ಲಿ ಒಂದೊಂದು. ಎಲ್ಲಾ 8 ಎಂಎಂ. ಪಕ್ಕದ ಬೋಲ್ಟುಗಳದ್ದೇ ದೊಡ್ಡ ತಲೆನೋವು. ಮೇಲೆ ಒಬ್ಬರು 13ರ ಸ್ಪ್ಯಾನರ್ ತಿರುಗಿಸಬೇಕು, ಇನ್ನೊಬ್ಬರು ಹಿಂದಿನ ಸೀಟಿನ ಸಂದಿಯಲ್ಲಿ ಕೈ ತೂರಿಸಿ ಕೆಳಗಿನ ನಟ್ಟು ಹಿಡ್ಕೋಬೇಕು. ಸೀಲಿಗೆ ಸಿಲಿಕೋನ್ ಬಳಿದಿದ್ದಾರೆ, ಪ್ರತಿ ಸಲ ಬ್ಲೇಡಲ್ಲಿ ಕೊಯ್ಯಬೇಕು. ಹಿಂದಿನ ವೈಪರ್, ಒಳಗಿನ ಲೈಟಿನ ವೈರಿಗೆ ಬರೀ ಟೇಪ್ ಸುತ್ತಿದೆ.

ಮಾಜ್ದಾ ಮಿಯಾಟಾ ಅನ್ನೋ ಎರಡು ಸೀಟಿನ ಕಾರಲ್ಲಿ ಮುಂದೆ ಎರಡು, ಅಕ್ಕಪಕ್ಕ ಒಂದೊಂದು ಲ್ಯಾಚ್ ಬಿಚ್ಚಿದರೆ ಟಾಪ್ ಎದ್ದು ಬರುತ್ತಲ್ಲ, ಹಾಗೆ ಎಲ್ಲಾ ಕಡೆ ಟಾಗಲ್ ಲ್ಯಾಚ್ (ಹಿಡಿ ಮಡಚಿದರೆ ಎಳೆದು ಬಿಗಿಯೋ ಕೊಂಡಿ) ಹಾಕಿಬಿಡೋಣ ಅಂತ ಯೋಚನೆ. ಯಾರಾದರೂ ಮಾಡಿದ್ದೀರಾ?

ಹೆಬ್ಬಾಳ_ಫ್ಯಾಬ್ರಿಕೇಟರ್ (ಮೈಸೂರು):
ಎಲ್ಲಾ ಕಡೆ ಲ್ಯಾಚ್ ಬೇಡ ಸಾರ್. ಮಿಯಾಟಾ ಟಾಪು ಸುಮಾರು 20 ಕೆಜಿ, ಎರಡು ಸೀಟಿನ ಮೇಲೆ ಕೂರುವಷ್ಟು ಚಿಕ್ಕದು. ಅದರ ಹಿಂಭಾಗ ಬಾಡಿಯ ಕೊಂಡಿಗೆ ಕಚ್ಚಿಕೊಳ್ಳುತ್ತೆ. ಲ್ಯಾಚು, ಕೊಂಡಿ ಎರಡನ್ನೂ ಕಂಪನಿಯವರು ಮೊದಲಿಂದಲೇ ಜೊತೆಯಾಗಿ ಮಾಡಿದ್ದು. ನಿಮ್ಮದು ಉದ್ದದ ಟಾಪು. ಟಾಗಲ್ ಲ್ಯಾಚ್ ಕೆಳಕ್ಕೆ ಎಳೆದು ಹಿಡಿಯುತ್ತೆ ಅಷ್ಟೇ, ಬ್ರೇಕ್ ಹೊಡೆದಾಗ ಟಾಪ್ ಮುಂದಕ್ಕೆ ಜರುಗೋದನ್ನ ತಡೆಯಲ್ಲ.

ಮುಂದಿನ ಮೂರು ಬೋಲ್ಟನ್ನಂತೂ ಬದಲಾಯಿಸಲೇಬೇಡಿ. ಗಾಳಿ ಟಾಪನ್ನ ಮೇಲಕ್ಕೆ ಎತ್ತುತ್ತೆ, ಆ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. 40ರಲ್ಲಿ ಇರೋದು 80ಕ್ಕೆ ಹೋದಾಗ ನಾಲ್ಕು ಪಟ್ಟು. ಬೆಂಗಳೂರು ಹೆದ್ದಾರಿಯಲ್ಲಿ ಆ ಮುಂದಿನ ಅಂಚು ಎದ್ದರೆ ಹಿಂದೆ ಬರೋರ ಗತಿ ಏನು? ಆ ಮೂರು ಕೈಗೆ ಸಿಗೋ ಜಾಗದಲ್ಲೇ ಇವೆ, ರಾಟ್ಚೆಟ್ಟಲ್ಲಿ ಎರಡು ನಿಮಿಷದ ಕೆಲಸ.

ನಿಮ್ಮ ಹೊತ್ತು ಹೋಗ್ತಿರೋದು ಪಕ್ಕದ ನಟ್ಟಲ್ಲಿ ಮತ್ತು ಸಿಲಿಕೋನಲ್ಲಿ. ಅದನ್ನ ಸರಿ ಮಾಡಿ.

ಟಾಪ್ ಕೂರೋ ಪಕ್ಕದ ರೈಲಿನ (ಬಾಡಿಯ ಅಂಚಿನ) ಕೆಳಗೆ 25×5 ಎಂಎಂ ಎಂಎಸ್ (ಮೈಲ್ಡ್ ಸ್ಟೀಲ್) ಪಟ್ಟಿ ಕೊಡಿ, ಅದಕ್ಕೇ ನಟ್ಟು ವೆಲ್ಡ್ ಮಾಡಿಸಿ. ಪಟ್ಟಿಯನ್ನ ರೈಲಿಗೆ ರಿವೆಟ್ ಹೊಡೆದುಬಿಟ್ಟರೆ ಕೆಳಗೆ ಕೈ ಹಾಕೋರೇ ಬೇಡ, ಒಬ್ಬರೇ ಬಿಚ್ಚಬಹುದು. ರಿವ್‌ನಟ್ (ರಿವೆಟ್ ಥರ ತಗಡಿಗೆ ಕಚ್ಚಿಸೋ ನಟ್ಟು) ಹಾಕಿ ಅಂತ ಹೇಳೋರು ಸಿಗ್ತಾರೆ. ತೆಳು ತಗಡಲ್ಲಿ ದುಂಡು ರಿವ್‌ನಟ್ ಒಂದು ಸಲ ಥ್ರೆಡ್ ಅಡ್ಡ ಹತ್ತಿತು ಅಂದ್ರೆ ಅಲ್ಲೇ ತಿರುಗ್ತಾ ಇರುತ್ತೆ, ಆಮೇಲೆ ಗ್ರೈಂಡರ್ರೇ ಗತಿ. ನೈಲಾಕ್ ನಟ್ಟೂ (ಒಳಗೆ ನೈಲಾನ್ ಬಳೆ ಇರೋದು) ಬೇಡ, ಪದೇ ಪದೇ ಬಿಚ್ಚಿ ಹಾಕಿದರೆ ಅದರ ಹಿಡಿತ ಹೋಗುತ್ತೆ. ಮೇಲಿಂದ 8 ಎಂಎಂ ಸ್ಟಾರ್ ನಾಬ್ (ಕೈಯಲ್ಲೇ ತಿರುಗಿಸೋ ಹಿಡಿ ಇರೋ ಬೋಲ್ಟ್), ಸ್ಪ್ರಿಂಗ್ ವಾಷರ್ ಸಾಕು.

ಫೈಬರಿನ ಪ್ರತಿ ತೂತಿಗೂ ಉಕ್ಕಿನ ಬುಷ್ (ಚಿಕ್ಕ ಕೊಳವೆ) ಕೂರಿಸಿ, ಫೈಬರ್ ದಪ್ಪಕ್ಕೆ ಸರಿಸಮ ಇರಲಿ. ನಾಬ್ ಬಿಗಿ ಮಾಡಿದಾಗ ಒತ್ತಡ ಬುಷ್ ಮೇಲೆ ಬೀಳುತ್ತೆ. ಇಲ್ಲದಿದ್ದರೆ ಫೈಬರ್ ನಜ್ಜಾಗಿ ತೂತಿನ ಸುತ್ತ ನಕ್ಷತ್ರದ ಆಕಾರದಲ್ಲಿ ಬಿರುಕು ಬರುತ್ತೆ. ಇಂಥ ಟಾಪ್‌ಗಳು ನಮ್ಮಲ್ಲಿಗೆ ಬರ್ತಾನೇ ಇರ್ತವೆ.

ಹಿಂದಿನ ಎರಡು ಮೂಲೆಯಲ್ಲಿ ಬೋಲ್ಟ್ ತೆಗೆದು, 12 ಎಂಎಂ ಪಿನ್ನು ಮತ್ತು ಟಾಗಲ್ ಲ್ಯಾಚ್ ಜೋಡಿ ಹಾಕಿ. ಪಿನ್ನಿನ ತುದಿ ಚೂಪಾಗಿರಲಿ, ಕೆಳಗೆ ನೈಲಾನ್ ಬುಷ್. ಜರುಗೋದನ್ನ ಪಿನ್ನು ತಡೆಯುತ್ತೆ, ಏಳೋದನ್ನ ಲ್ಯಾಚ್ ತಡೆಯುತ್ತೆ. ಲ್ಯಾಚ್ ಹಿಂದೆ ಫೈಬರಿನ ಒಳಗಡೆ ಅಗಲದ ತಗಡು ಕೊಡೋದು ಮರೀಬೇಡಿ.

ಸಿಲಿಕೋನ್ ಪೂರ್ತಿ ಕೆರೆದು ಹಾಕಿ, ಇಪಿಡಿಎಂ ರಬ್ಬರಿನ ಬೀಡಿಂಗ್ (ಸೀಲ್ ಪಟ್ಟಿ) ತಗೊಳ್ಳಿ. ಟಾಪಿನ ಕಡೆ ಮಾತ್ರ ಅಂಟಿಸಿ, ಬಾಡಿ ಕಡೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ.

ಕೆಆರ್‌ಎಸ್_ರೋಡ್:
ವೈರಿಗೆ ನೀರು ಹೋಗದ ಕಪ್ಲರ್ (ಜೋಡಿಸಿ ಬಿಚ್ಚೋ ಕನೆಕ್ಟರ್) ಹಾಕಿಸಿ. ಅರ್ತ್ ವೈರೂ ಕಪ್ಲರ್ ಮೂಲಕವೇ ಬರಲಿ. ಫೈಬರಲ್ಲಿ ಕರೆಂಟ್ ಹರಿಯಲ್ಲ, ತಗಡಿನ ಟಾಪ್ ಥರ ಬಾಡಿಯಿಂದ ಅರ್ತ್ ಸಿಗಲ್ಲ. ವೈಪರ್ ಬಿಟ್ಟು ಬಿಟ್ಟು ಓಡ್ತಿದ್ರೆ ಮೊದಲು ನೋಡಬೇಕಾದ್ದೂ ಅದೇ ಅರ್ತ್.

ಇನ್ನೊಂದು ವಿಷಯ. ಆರ್‌ಸಿಯಲ್ಲಿ ಬಾಡಿ ಏನಂತ ಬರೆದಿದೆ ನೋಡಿಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿ ಮಾರ್ಪಾಡಿನ ಬಗ್ಗೆಯೇ ಇರೋದು. ಆರ್‌ಟಿಓದಲ್ಲಿ ಒಂದು ಮಾತು ಕೇಳಿ ಕೆಲಸಕ್ಕೆ ಕೈ ಹಾಕಿ.

ಮದ್ದೂರು_4x4:
ಅಣ್ಣಾ, ಎತ್ತಿ ಇಳಿಸೋದ್ರ ಬಗ್ಗೆ ಯಾರೂ ಹೇಳ್ನಿಲ್ವಲ್ಲ. ಬೋಲ್ಟ್ ಹತ್ತು ನಿಮಿಷಕ್ಕೆ ಬಿಚ್ಚಿದ್ರೂ ನಾಕು ಜನ ಹುಡುಕೋಕೆ ಅರ್ಧ ಗಂಟೆ ಬೇಕು. ನಮ್ ಶೆಡ್ಡಲ್ಲಿ ಆರ್‌ಸಿಸಿ ತೊಲೆಗೆ ಹುಕ್ ಹಾಕಿ ಭಾರ ಎತ್ತೋ ಚೈನ್ ಬ್ಲಾಕ್ ಕಟ್ಟೀವ್ನಿ. ಕೆಳಗೆ ಜಿಐ ಪೈಪಿನ ಫ್ರೇಮು, ನಾಕು ಮೂಲೆಗೆ ಅಗಲದ ಬೆಲ್ಟು. ಟಾಪ್ ಮೇಲಕ್ಕೆ ಎಳೆದು ಗಾಡಿ ಈಚೆಗೆ ತಗೊಂಡ್ರೆ ಆಯ್ತು. ಶೀಟಿನ ಚಾವಣಿಯ ಆಂಗಲ್‌ಗೆ ಮಾತ್ರ ಕಟ್ಟಬ್ಯಾಡಿ ಕಣಣ್ಣ, ಅದು ಭಾರ ತಡೆಯೋಕೆ ಮಾಡಿದ್ದಲ್ಲ. ನೇತಾಕಿರೋ ಟಾಪಿನ ಕೆಳಗೆ ಮಕ್ಳನ್ನೂ ಬಿಡಬ್ಯಾಡಿ.

ಪಾಂಡವಪುರ_ಜಿಪ್ಸಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಟ್ಟಿ, ಬುಷ್, ಪಿನ್ನು, ಬೀಡಿಂಗ್, ಕಪ್ಲರ್, ಚೈನ್ ಬ್ಲಾಕ್ ಎಲ್ಲಾ ಆಯ್ತು. ಬಿಚ್ಚೋದು ಈಗ ಒಬ್ಬನಿಂದಲೇ ಆಗುತ್ತೆ. ಆದರೆ ವಾಪಸ್ ಕೂರಿಸುವಾಗ ಒಂದು ತೊಂದರೆ. ಎಡಗಡೆ ಮೂರನೇ ನಾಬಿನ ಥ್ರೆಡ್ ಹತ್ತೋದೇ ಇಲ್ಲ, ತೂತು ಒಂದು ನೂಲಿನಷ್ಟು ಒಳಗೆ ಜರುಗಿದೆ. ಬಲವಂತ ಮಾಡದೆ ಹಾಗೇ ಬಿಟ್ಟಿದ್ದೀನಿ.

ಹೆಬ್ಬಾಳ_ಫ್ಯಾಬ್ರಿಕೇಟರ್ (ಮೈಸೂರು):
ಬಲವಂತ ಮಾಡದೇ ಇದ್ದದ್ದು ಒಳ್ಳೇದಾಯ್ತು. ನಾಲ್ಕು ಮೂಲೆಯಲ್ಲಿ ತೂಗು ಹಾಕಿದಾಗ ಫೈಬರಿನ ನಡು ಭಾಗ ಸ್ವಲ್ಪ ಬಾಗುತ್ತೆ, ಪಕ್ಕಗಳು ಒಳಗೆ ಬರ್ತವೆ. ಫ್ರೇಮಿಗೆ ನಡುವೆ ಇನ್ನೊಂದು ಬೆಲ್ಟ್ ಕೊಡಿ. ಕೂರಿಸೋ ಕ್ರಮ ಹೀಗಿರಲಿ: ಮೊದಲು ಹಿಂದಿನ ಪಿನ್ನು, ಆಮೇಲೆ ಮುಂದಿನ ಮೂರು ಬೋಲ್ಟು ಎರಡೆರಡು ಸುತ್ತು ಮಾತ್ರ, ನಂತರ ಪಕ್ಕದ ಎಲ್ಲಾ ನಾಬು ಕೈಯಲ್ಲಿ ಹತ್ತಿಸಿ. ಎಲ್ಲಾ ಹತ್ತಿದ ಮೇಲೆ ಮುಂದಿನಿಂದ ಬಿಗಿ ಮಾಡ್ತಾ ಬನ್ನಿ.

ಹಾಗೂ ಆಗದಿದ್ದರೆ ಆ ಮೂರನೇ ನಟ್ಟಿನ ವೆಲ್ಡಿಂಗ್ ಕಿತ್ತು, ಅಲ್ಲಿ ಪಂಜರದ ನಟ್ಟು (ಕೇಜ್ ನಟ್) ಹಾಕಿಸಿ. ಅದು ಒಂದೆರಡು ಎಂಎಂ ಅತ್ತಿತ್ತ ಆಡುತ್ತೆ, ತಾನೇ ಜಾಗ ಹುಡುಕಿಕೊಳ್ಳುತ್ತೆ.

ಪಾಂಡವಪುರ_ಜಿಪ್ಸಿ:
ನಡುವಿನ ಬೆಲ್ಟಿಗೇ ಸರಿಹೋಯ್ತು ಸಾರ್, ಎಂಟೂ ನಾಬು ಬೆರಳಲ್ಲೇ ಹತ್ತಿದವು. ನಿನ್ನೆ ಸಂಜೆ ಮಳೆ ಮೋಡ ಕಂಡ ತಕ್ಷಣ ಕೂರಿಸಿದೆ, ಜೋರು ಮಳೆ ಶುರುವಾಗೋಕೆ ಮುಂಚೆ ಮುಗೀತು. ಒಳಗೆ ಒಂದು ಹನಿ ಬಂದಿಲ್ಲ. ಬಲ ಹಿಂಬದಿಯಲ್ಲಿ ಗುಂಡಿ ಹಾರಿದಾಗ ಟಕ್ ಅನ್ನೋ ಸದ್ದು ಮಾತ್ರ ಇದೆ.

ಹೆಬ್ಬಾಳ_ಫ್ಯಾಬ್ರಿಕೇಟರ್ (ಮೈಸೂರು):
ಆ ಕಡೆ ಪಿನ್ನು ನೈಲಾನ್ ಬುಷ್ಷಲ್ಲಿ ಸಡಿಲ ಇದೆ. ಬುಷ್ ಬದಲಾಯಿಸಿ, ಪಿನ್ನು ಕೈಯಲ್ಲಿ ಒತ್ತಿದರೆ ಮಾತ್ರ ಇಳಿಯುವಷ್ಟು ಬಿಗಿ ಇರಲಿ. ಅಲ್ಲಿವರೆಗೆ ಹೆದ್ದಾರಿಗೆ ಹೋಗೋ ಮುಂಚೆ ಎರಡೂ ಲ್ಯಾಚ್ ಕೈಯಲ್ಲಿ ಎಳೆದು ನೋಡಿ.