ದಸರಾ ಸೂಟಿಗೆ ದಿವಾರ್ ದ್ವೀಪದಾಗ ಸೈಕಲ್ ಹೊಡೀಬೇಕಂತೀವಿ, ಹೋಗಿ ಬಂದವರು ಹೇಳ್ರಿ

ಕಲಬುರಗಿ ಸೈಕಲ್ಲು: ನಮಸ್ಕಾರ ಎಲ್ಲಾರಿಗೂ. ದಸರಾ ಸೂಟಿಯೊಳಗ ನಾನು, ನಮ್ಮನಿಯವರು, 12 ವರ್ಷದ ಮಗಳು ಗೋವಾಕ್ಕ ಹೊಂಟೀವಿ, ಬೀಚು ಗೀಚು ಏನೂ ಬ್ಯಾಡ, ಮಾಂಡವಿ ನದಿ ನಡುವ ದಿವಾರ್ ಅಂತ ದ್ವೀಪ ಅದ ಅಲ್ಲೇ ಸೈಕಲ್ ಹೊಡೀಬೇಕು ಅಂತ ಮಗಳು ಹಟ ಹಿಡದಾಳ. ದಿನಾ ಮುಂಜಾನಿ ಅಪ್ಪನ ಕೆರಿ ಸುತ್ತ ಹೊಡಿತಾಳ, ರವಿವಾರ ಬುದ್ಧ ವಿಹಾರದ ತನಕಾ ಹೋಗಿ ಬರ್ತೀವಿ. ಇಷ್ಟು ರೂಢಿ ಸಾಕೇನ್ರಿ? ಸೈಕಲ್ ಇಲ್ಲಿಂದ ಒಯ್ಯೋದೋ, ಅಲ್ಲೇ ಬಾಡಿಗಿ ತಗೊಳ್ಳೋದೋ?

ಬೀದರ್ ಕೋಟಿ: ಸಾಕ್ರಿ ಅಣ್ಣಾರ, ಬೇಕಾದಷ್ಟಾತು. ಸೈಕಲ್ ಮಾತ್ರ ಒಯ್ಯಬ್ಯಾಡ್ರಿ, ನಾ ಬಸ್ಸಿನ ಮ್ಯಾಲ ಕಟ್ಟಿ ಒಯ್ದಿದ್ದೆ, ಇಳಿಸಿ ನೋಡಿದ್ರ ಹಿಂದಿನ ಗೇರ್ ಬಾಗಿತ್ತು, ಅರ್ಧ ದಿನ ರಿಪೇರಿಗೇ ಹೋತು. ಹುಬ್ಬಳ್ಳಿ ತನಕಾ ಬಸ್, ಅಲ್ಲಿಂದ ಪಣಜಿ ಬಸ್ ಸಿಗ್ತದ. ಓಲ್ಡ್ ಗೋವಾದಾಗ ವೈಸರಾಯ್ ಕಮಾನಿನ ಕೆಳಗ ಹಾಯ್ದು ಹೋದ್ರ ಫೆರ್ರಿ ಜೆಟ್ಟಿ. ದಿವಾರ್‌ಗೆ ಗಾಡಿ ಹೋಗೋ ಸೇತುವಿ ಇಲ್ಲ, ಊರ ಮಂದಿ ಸ್ಕೂಟರು, ಮೀನಿನ ಬುಟ್ಟಿ ಎಲ್ಲಾ ಫೆರ್ರಿಯೊಳಗೇ, ನಡುವ ಹ್ಯಾಂಡಲ್ ಹಿಡ್ಕೊಂಡು ನಿಂದರ್ಬೇಕು, ಆ ದಂಡಿಗಿ ಕಬ್ಬಿಣದ ಪಟ್ಟಿ ಧಡ್ ಅಂತ ಬಿತ್ತಂದ್ರ ಇಳದು ನೂಕ್ಕೊಂಡು ಹೋಗೋದು.

ಅಲ್ಲಿಂದ ಮುಂದ ನೋಡ್ರಿ ಅಣ್ಣಾರ, ಸಪಾಟ ರಸ್ತಾ, ಎರಡೂ ಕಡಿ ಖಜಾನ್ ಗದ್ದಿ, ಅಂದ್ರ ಉಪ್ಪುನೀರು ಒಳಗ ಬರಬಾರ್ದಂತ ಒಡ್ಡು ಹಾಕಿ ತೂಬು ಇಟ್ಟು ಭತ್ತ ಬೆಳೆಯೋ ಜಮೀನು. ನೀರು ಇಳದಾಗ ಕಾಂಡ್ಲಾ ಗಿಡದ (ಉಪ್ಪುನೀರಿನ್ಯಾಗ ಬೆಳೆಯೋ ಮ್ಯಾಂಗ್ರೋವ್) ಬುಡಕ ಕೆಸರಿನ್ಯಾಗ ಬೆರಳಷ್ಟು ಮೀನು ರೆಕ್ಕಿ ಊರ್ಕೊಂಡು ನಡೀತಾವ! ನಾ ಅಲ್ಲೇ ಸೈಕಲ್ ಮಲಗಿಸಿ ಅರ್ಧ ತಾಸು ಕುಂತೆ, ಮಗಳಿಗಿ ಅದನ್ನ ತೋರಿಸ್ಲಾಕ ಮರೀಬ್ಯಾಡ್ರಿ. ಪಿಯೆದಾದೆ ಊರಿನ ಚರ್ಚ್ ಗುಡ್ಡ ಒಂದೇ ಏರು, ನಾನೂ ಇಳದು ನೂಕಿದೆ, ಆದ್ರ ಮ್ಯಾಲಿಂದ ನದಿ ಪೂರಾ ಕಾಣ್ತದ.

ಶಹಾಪುರದವ: ದ್ವೀಪದಾಗಿನ ನಾರ್ವೆ ಊರ ಕಡಿ ಹೋಗದಾ ಬರಬ್ಯಾಡ್ರಿ. ಗೋವಾ ಕದಂಬರ ಕುಲದೇವ್ರು ಸಪ್ತಕೋಟೇಶ್ವರನ ಹಳಿ ಗುಡಿ ಈ ದ್ವೀಪದಾಗೇ ಇತ್ತು, ಅವರ ಬಂಗಾರದ ನಾಣ್ಯದ ಮ್ಯಾಲೂ ಆ ದೇವರ ಹೆಸರದ. ಪೋರ್ಚುಗೀಸರು ಕೆಡವಿದ್ರು, ಮಂದಿ ಲಿಂಗ ಹೊಳಿ ದಾಟಿಸಿ ಉಳಿಸಿದ್ರು, ಆ ಕಡಿ ದಂಡಿಯ ಗುಡಿ 1668ರಾಗ ಶಿವಾಜಿ ಮಹಾರಾಜರು ಜೀರ್ಣೋದ್ಧಾರ ಮಾಡಿಸ್ಯಾರ. ದ್ವೀಪದಾಗ ಹಳಿ ಪುಷ್ಕರಣಿ ಕಲ್ಲಿನ ಮೆಟ್ಟಲು ಇನ್ನೂ ಅವ. ಅಲ್ಲಿ ನಿಂತಾಗ ನಂಗ ಖರೇನ ಕಣ್ಣಾಗ ನೀರು ಬಂತು. ಫೆರ್ರಿ ಹತ್ತಿ ದಾಟಿದ್ರ ಹೊಸಾ ಗುಡಿನೂ ಆಗ್ತದ.

ಜೇವರ್ಗಿ ಅಕ್ಕ: ಅಣ್ಣಾರ, ಬಿಸಲು ನಮಗ ಹೊಸದಲ್ಲ, ಆದ್ರ ನಮ್ ಕಡಿ ಒಣ ಬಿಸಲು, ಅಲ್ಲಿ ಬೆವರು ಆರೋದೇ ಇಲ್ಲ, ಮಗಳಿಗಿ ಉಪ್ಪು ಸಕ್ಕರಿ ನೀರು ಒಂದು ಬಾಟ್ಲಿ ಬ್ಯಾರೇನೇ ಇಡ್ರಿ, ಮುಂಜಾನಿ ಆರಕ್ಕ ಹೊಂಟು ಹತ್ತರೊಳಗ ಮುಗಸ್ರಿ. ಅಕ್ಟೋಬರ್‌ದಾಗ ಸಂಜಿಗಿ ಮಳಿನೂ ಬರಬಹುದು. ಇನ್ನೊಂದು ದಿನ ಇದ್ರ ರಿಬಂದರ್‌ಲಿಂದ ಫೆರ್ರಿಯೊಳಗ ಚೋರಾವ್‌ಗೆ ಹೋಗ್ರಿ, ಸಲೀಂ ಅಲಿ ಪಕ್ಷಿಧಾಮ ಅಲ್ಲೇ ಅದ.

ಕಲಬುರಗಿ ಸೈಕಲ್ಲು: ಎಲ್ಲಾರಿಗೂ ಭಾಳ ಭಾಳ ಥ್ಯಾಂಕ್ಸ್ ರೀ. ಮಗಳಿಗಿ ಓದಿ ಹೇಳ್ದೆ, ನಡಿಯೋ ಮೀನು ಅಂದಕೂಡ್ಲೇ ನೀರು ಯಾವಾಗ ಇಳೀತದ ಅಂತ ಹುಡುಕ್ಲಾಕತ್ತಾಳ. ಎರಡು ದಿನ ದಿವಾರ್‌ಗೇ ಇಡ್ತೀವಿ, ಖಡಕ್ ರೊಟ್ಟಿ ಶೇಂಗಾ ಹಿಂಡಿ ಕಟ್ಕೊಂಡು ಹೋಗಿ ಆ ಪುಷ್ಕರಣಿ ಹತ್ರನೇ ಬುತ್ತಿ ಬಿಚ್ತೀವಿ.