ದಿನವೂ ಆತ್ಮಶೋಧನೆಗೆ ಹೊತ್ತು ಹೇಗೆ ಹೊಂದಿಸಿಕೊಳ್ಳುತ್ತೀರಿ? ಅನುಭವ ಇದ್ದವರು ಹೇಳಿ

ಎರಡು ಮಕ್ಕಳ ತಾಯಿ, ಬೆಂಗಳೂರು:
ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಧ್ಯಾನಕೂಟದಲ್ಲಿ ಫಾದರ್ ದಿನವೂ ಹದಿನೈದು ನಿಮಿಷ ಆತ್ಮಶೋಧನೆ, ಅಂದರೆ ದಿನದ ತಪ್ಪು ಒಪ್ಪುಗಳನ್ನು ದೇವರ ಮುಂದೆ ನೋಡಿಕೊಳ್ಳುವುದನ್ನು, ಮಾಡಲು ಹೇಳಿದರು. ಮಾತು ಮನಸ್ಸಿಗೆ ನಾಟಿತು. ಚಿಕ್ಕವನಿಗೆ ಇನ್ನೂ ಎರಡು ತುಂಬಿಲ್ಲ. ಮನೆಯವರದು ಎರಡನೇ ಪಾಳಿ, ಬರುವಾಗ ರಾತ್ರಿ ಹನ್ನೊಂದೂವರೆ. ಎಂಟು ಗಂಟೆಗೆ ಅತ್ತೆಯವರ ಜೊತೆ ಜಪಸರದ ಪ್ರಾರ್ಥನೆ ತಪ್ಪುವಂತಿಲ್ಲ. ಆಮೇಲೆ ಊಟ, ಪಾತ್ರೆ, ಮಕ್ಕಳನ್ನು ಮಲಗಿಸುವುದು. ಹಾಸಿಗೆಯ ಮೇಲೆ ಕೂತು ಶಿಲುಬೆ ಗುರುತು ಹಾಕುವಷ್ಟರಲ್ಲಿ ಕಣ್ಣು ಎಳೆಯುತ್ತದೆ. ನೀವೆಲ್ಲ ಯಾವ ಹೊತ್ತಿನಲ್ಲಿ ಮಾಡುತ್ತೀರಿ? ಪುಸ್ತಕದಲ್ಲಿ ಬರೆದಿಡಬೇಕೆ?

ನಿವೃತ್ತ ಶಿಕ್ಷಕ, ಹಾಸನ:
ಬರೆದಿಡಲೇಬೇಕು. ಯೇಸುಸಭೆ (ಜೆಸ್ವಿಟ್ ಸಂಘ) ಕಟ್ಟಿದ ಸಂತ ಇಗ್ನೇಷಿಯಸರ ಪ್ರಾರ್ಥನಾ ಕ್ರಮದ ಪುಸ್ತಕಕ್ಕೆ 1548ರಲ್ಲಿ ಪೋಪ್ ಮೂರನೇ ಪೌಲರ ಒಪ್ಪಿಗೆ ದೊರೆಯಿತು; ಅದರಲ್ಲಿಯೇ ಗೆರೆ ಮತ್ತು ಚುಕ್ಕೆಯ ವಿಧಾನವಿದೆ. ಒಂದೇ ಒಂದು ದೋಷವನ್ನು ಆರಿಸಿಕೊಳ್ಳಬೇಕು. ಬೆಳಗ್ಗೆ ಏಳುತ್ತಲೇ ಅದರ ಬಗ್ಗೆ ಎಚ್ಚರ. ಮಧ್ಯಾಹ್ನದ ಊಟದ ನಂತರ ಗಂಟೆ ಗಂಟೆಯ ಲೆಕ್ಕ ತೆಗೆದು ಎಷ್ಟು ಸಲ ಎಡವಿದೆವೋ ಅಷ್ಟು ಮೊದಲ ಗೆರೆಯ ಮೇಲೆ ಚುಕ್ಕೆ, ರಾತ್ರಿ ಊಟದ ನಂತರ ಎರಡನೇ ಗೆರೆಯ ಮೇಲೆ ಚುಕ್ಕೆ. ನಡುವೆ ಎಡವಿದಾಗಲೆಲ್ಲ ಎದೆಗೆ ಕೈ. ಪಕ್ಕದಲ್ಲಿ ಇದ್ದವರಿಗೂ ತಿಳಿಯುವುದಿಲ್ಲ.

ನನ್ನ ದೋಷ ಸಿಟ್ಟು. ಶಾಲೆಯಲ್ಲಿ ಇದ್ದಾಗ ಮಕ್ಕಳ ಮೇಲೆ, ನಿವೃತ್ತನಾದ ಮೇಲೆ ಮಗನ ಮೇಲೆ. ಮೂವತ್ತು ರೂಪಾಯಿಯ ನೋಟ್‌ಪುಸ್ತಕದಲ್ಲಿ ಅಡಿಪಟ್ಟಿ ಇಟ್ಟು ವಾರಕ್ಕೆ ಏಳು ಜೋಡಿ ಗೆರೆ ಎಳೆಯುತ್ತೇನೆ. ತಮ್ಮಂದಿರ ಜೊತೆ ಜಮೀನು ಪಾಲಾದ ವಾರ ಚುಕ್ಕೆಗಳು ಗೆರೆ ಮೀರಿ ಅಂಚಿಗೆ ಹೋಗಿದ್ದವು. ಆ ಪುಟ ಇಂದಿಗೂ ನನ್ನ ಬಳಿ ಇದೆ. ಮುಂದಿನ ಪುಟಗಳನ್ನು ನೋಡಿದರೆ ಕಡಿಮೆಯಾಗುತ್ತಾ ಬಂದದ್ದು ಕಣ್ಣಿಗೆ ಕಾಣುತ್ತದೆ. ಈಗ ಮಗ ನನ್ನೊಂದಿಗೆ ಕೂತು ಊಟ ಮಾಡುತ್ತಾನೆ.

ಹೊತ್ತಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ಧಾರಾವಾಹಿಗೆ ಸಿಗುವ ಅರ್ಧ ಗಂಟೆ ದೇವರಿಗೆ ಯಾಕೆ ಸಿಗುವುದಿಲ್ಲ? ನಾಲ್ಕೂವರೆಗೆ ಏಳಿ.

ರಾತ್ರಿ ಪಾಳಿಯ ನರ್ಸ್, ಬೆಂಗಳೂರು:
ಮೇಷ್ಟ್ರೇ, ಆ ತಾಯಿ ಧಾರಾವಾಹಿಯ ಮಾತೇ ಎತ್ತಿಲ್ಲ. ಎರಡು ವರ್ಷ ತುಂಬದ ಮಗು ರಾತ್ರಿ ಎಷ್ಟು ಸಲ ಏಳುತ್ತದೆ ಎಂದು ಮನೆಯವರನ್ನು ಕೇಳಿ ನೋಡಿ, ಆಮೇಲೆ ನಾಲ್ಕೂವರೆಯ ಮಾತು.

ರಾತ್ರಿ ಮಲಗುವ ಮುನ್ನ ಎಂದು ಎಲ್ಲರೂ ಹೇಳುತ್ತಾರೆ. ನನಗೆ ರಾತ್ರಿಯೇ ಕೆಲಸದ ಹೊತ್ತು. ಒಂದು ಧ್ಯಾನಕೂಟಕ್ಕೆ 1,200 ರೂಪಾಯಿ ಕಟ್ಟಿದ್ದೆ, ಹಿಂದಿನ ಸಂಜೆ ರಜೆ ರದ್ದಾಯಿತು. ಹಣ ವಾಪಸ್ ಬರಲಿಲ್ಲ, ಬೇರೆ ದಿನಾಂಕಕ್ಕೆ ಹಾಕಿಕೊಡಿ ಎಂದರೂ ಆಗಲಿಲ್ಲ. ರಾತ್ರಿಯ ಪ್ರಾರ್ಥನೆಯ ಪುಸ್ತಕ ತರಿಸಿಕೊಂಡೆ. ಅದರ ಆರಂಭದಲ್ಲಿಯೇ ಆತ್ಮಶೋಧನೆಗೆ ಜಾಗವಿದೆ. ಆದರೆ ವಾರ್ಡಿನಲ್ಲಿ ಪುಸ್ತಕ ಬಿಡಿಸಿದರೆ ಕರೆಗಂಟೆ ಬಡಿಯುತ್ತದೆ.

ಕೊನೆಗೆ ದಾರಿ ಕೆಲಸದಲ್ಲಿಯೇ ಸಿಕ್ಕಿತು. ಬೆಳಗ್ಗೆ ಪಾಳಿ ಬಿಟ್ಟುಕೊಡುವಾಗ ಒಂದನೇ ಹಾಸಿಗೆಯಿಂದ ಹಿಡಿದು ಪ್ರತಿಯೊಬ್ಬ ರೋಗಿಯ ವರದಿಯನ್ನು ಮುಂದಿನವರಿಗೆ ಒಪ್ಪಿಸುತ್ತೇವೆ. ಬಸ್ಸಿನಲ್ಲಿ ಕೂತ ಮೇಲೆ ಅದೇ ವರದಿಯನ್ನು ದೇವರಿಗೆ ಒಪ್ಪಿಸುತ್ತೇನೆ, ಈ ಸಲ ರೋಗಿಯದಲ್ಲ, ನನ್ನದು. ಹೀಗೆ ಒಪ್ಪಿಸುತ್ತಾ ಒಂದು ದಿನ ಮೂರನೇ ಹಾಸಿಗೆಗೆ ಬಂದಾಗ ಬಾಯಿ ಕಟ್ಟಿತು. ಅಲ್ಲಿದ್ದ ಅಜ್ಜ ನೀರು ಕೇಳಿದ್ದರು. ‘ಬಂದೆ’ ಎಂದು ಹೇಳಿ ಹೋದವಳು ಬಹಳ ಹೊತ್ತು ಅತ್ತ ಸುಳಿದಿರಲಿಲ್ಲ. ಸಂಜೆ ಹೋದವಳು ಮೊದಲು ಅವರ ಹತ್ತಿರ ನಿಂತು ಕ್ಷಮೆ ಕೇಳಿದೆ. ಅವರಿಗೆ ನೆನಪೂ ಇರಲಿಲ್ಲ. ಚುಕ್ಕೆ ಇಟ್ಟಿದ್ದರೆ ನನಗೆ ಆ ಅಜ್ಜ ನೆನಪಾಗುತ್ತಿರಲಿಲ್ಲ.

ಹೆಸರು ಬೇಡ, ಮಂಗಳೂರು:
ಬರೆದಿಡಲೇಬೇಕು ಎಂದು ಎಲ್ಲರಿಗೂ ಹೇಳುವವರ ಮೇಲೆ ನನಗೆ ಸಿಟ್ಟಿದೆ, ಬಚ್ಚಿಡುವುದಿಲ್ಲ. ಆ ಪುಸ್ತಕ ನನ್ನನ್ನು ಆಸ್ಪತ್ರೆಯ ಬಾಗಿಲಿನವರೆಗೆ ಕೊಂಡೊಯ್ದಿದೆ.

ಮಾಡದ ಪಾಪವನ್ನೂ ಮಾಡಿದೆನೆಂಬ ಶಂಕೆ. ಶನಿವಾರ ಕುಮ್ಸಾರ್, ಅಂದರೆ ಪಾದ್ರಿಗಳ ಬಳಿ ಪಾಪನಿವೇದನೆ, ಮಾಡಿ ಬಂದವಳು ಭಾನುವಾರ ಪೂಜೆಯಲ್ಲಿ ಪರಮಪ್ರಸಾದದ ಸಾಲಿನಿಂದ ಹಿಂದೆ ಸರಿಯುತ್ತಿದ್ದೆ, ಏನೋ ಹೇಳಲು ಬಿಟ್ಟುಹೋಗಿದೆ ಎಂದು. ರಾತ್ರಿ ತೇರ್ಸ್ (ಜಪಸರ) ಮುಗಿದು ಎಲ್ಲರೂ ಹಿರಿಯರ ಬೆಸಾಂವ್ (ಆಶೀರ್ವಾದ) ಪಡೆದು ಊಟಕ್ಕೆ ಕೂತರೆ ನಾನು ಕೋಣೆಯಲ್ಲಿ ಪಟ್ಟಿ ಬರೆಯುತ್ತಿದ್ದೆ. ಬರೆದುದನ್ನು ಹೊಡೆದುಹಾಕಿ ಮತ್ತೆ ಬರೆಯುವುದು, ‘ಅರಿತು’ ಎಂದು ಬರೆದ ಕಡೆ ‘ಅರಿಯದೆ’ ಎಂದು ತಿದ್ದುವುದು, ಅದು ಸುಳ್ಳಾಯಿತೇ ಎಂದು ಅದನ್ನೇ ಪಟ್ಟಿಗೆ ಸೇರಿಸುವುದು. ಊರಿನ ಚರ್ಚಿನಲ್ಲಿ ನಾಚಿಕೆ ಎಂದು ಬಸ್ಸು ಹತ್ತಿ ಬೇರೆ ಬೇರೆ ಚರ್ಚುಗಳಿಗೆ ಹೋಗುತ್ತಿದ್ದೆ. ಮನೋವೈದ್ಯರಿಗೆ ಒಂದು ಭೇಟಿಗೆ 800 ರೂಪಾಯಿ, ಮಾತ್ರೆಗೆ ತಿಂಗಳಿಗೆ ಸಾವಿರದ ಹತ್ತಿರ. ಗೀಳು ಕಾಯಿಲೆ ಎಂದು ಅವರು ಹೆಸರಿಟ್ಟ ದಿನ ನನ್ನ ತಾಯಿ ಕಣ್ಣೀರು ಹಾಕಿದರು, ನನಗೆ ಮಾತ್ರ ಹೆಗಲು ಹಗುರವಾಯಿತು.

ಈಗ ಒಬ್ಬರೇ ಗುರುಗಳ ಬಳಿ ಪಾಪನಿವೇದನೆ. ಅವರ ಅಪ್ಪಣೆ: ಕಾಗದ ಮುಟ್ಟಬಾರದು, ಆತ್ಮಶೋಧನೆ ಮೂರು ನಿಮಿಷ ಮೀರಬಾರದು. ಮೇಷ್ಟ್ರು ಹೆಸರು ಹೇಳಿದ ಅದೇ ಇಗ್ನೇಷಿಯಸರು 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಇದೇ ಶಂಕೆಯಿಂದ ನರಳಿದರು. ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಹೋಗಿದ್ದರು. ವಾರವಿಡೀ ಉಪವಾಸ ಕೂತವರನ್ನು ಉಣ್ಣುವಂತೆ ಮಾಡಿದ್ದು ಪಾಪನಿವೇದನೆ ಕೇಳುವ ಗುರುಗಳ ಆಜ್ಞೆ. ಅದನ್ನೂ ಹೇಳಿ.

ನಿವೃತ್ತ ಶಿಕ್ಷಕ, ಹಾಸನ:
ನಾನು ಪಟ್ಟಿ ಬರೆಯಲು ಎಲ್ಲಿ ಹೇಳಿದೆ? ಒಂದೇ ದೋಷ, ದಿನಕ್ಕೆ ಎರಡು ಗೆರೆ ಎಂದೆ. ನಿಮ್ಮ ಕಷ್ಟ ದೊಡ್ಡದು, ಒಪ್ಪುತ್ತೇನೆ. ಹಾಗೆಂದು ಆರೋಗ್ಯವಾಗಿರುವವರ ಕೈಯಿಂದ ಪುಸ್ತಕ ಕಿತ್ತುಕೊಳ್ಳುವುದು ನ್ಯಾಯವಲ್ಲ.

ಹೆಸರು ಬೇಡ, ಮಂಗಳೂರು:
ಯಾರು ಆರೋಗ್ಯವಾಗಿದ್ದಾರೆ ಎಂದು ನಿಮಗೆ ಇಲ್ಲಿಂದಲೇ ತಿಳಿಯಿತೇ ಸರ್? ನನ್ನನ್ನೂ ಎಲ್ಲರೂ ಬಹಳ ಭಕ್ತಿಯ ಹುಡುಗಿ ಎಂದೇ ಹೊಗಳುತ್ತಿದ್ದರು.

ಕುವೈತ್‌ನಿಂದ, ಊರು ಬಂಟ್ವಾಳ:
ನಾವು ಆರು ಮಂದಿ ಒಂದೇ ಕೋಣೆಯಲ್ಲಿ. ಒಬ್ಬ ಮನೆಗೆ ಫೋನ್ ಮಾಡುತ್ತಿರುತ್ತಾನೆ, ಒಬ್ಬ ಮೀನು ಹುರಿಯುತ್ತಿರುತ್ತಾನೆ. ಮೊದಲು ತಾರಸಿಗೆ ಹೋಗುತ್ತಿದ್ದೆ, ಕಟ್ಟಡದ ಕಾವಲುಗಾರ ಬೀಗ ಹಾಕಿದ. ಆಮೇಲೆ ಮೆಟ್ಟಿಲ ಮೇಲೆ ಕೂತೆ, ಎದುರು ಮನೆಯವರು ದೂರು ಕೊಟ್ಟರು. ಈಗ ಉಗ್ರಾಣದ ಬೀಗ ತೆಗೆಯುವ ಮುನ್ನ ಕಂಪನಿಯ ವ್ಯಾನಿನಲ್ಲಿ ಕೂರುತ್ತೇನೆ. ಬೇಸಿಗೆಯಲ್ಲಿ ಹತ್ತು ನಿಮಿಷಕ್ಕೆ ಅಂಗಿ ಬೆನ್ನಿಗೆ ಅಂಟುತ್ತದೆ. ಎಂಜಿನ್ ಹಾಕಿ ತಂಪು ಮಾಡಿಕೊಳ್ಳೋಣವೆಂದರೆ ಪೆಟ್ರೋಲು ಕಂಪನಿಯದು, ಅದೇ ಆತ್ಮಶೋಧನೆಯಲ್ಲಿ ಎದ್ದು ನಿಲ್ಲುತ್ತದೆ.

ನನಗೆ ದಾರಿ ತೋರಿಸಿದ್ದು ಇಲ್ಲಿ ಶುಕ್ರವಾರದ ಪೂಜೆಯ ನಂತರ ಸಿಕ್ಕ ಗೋವಾದ ಹಿರಿಯರು. ಮೊದಲು ಕೃತಜ್ಞತೆ, ಆಮೇಲೆ ಬೆಳಕು ಬೇಡುವುದು, ದಿನವನ್ನು ನೋಡುವುದು, ಕ್ಷಮೆ, ನಾಳೆಯ ಸಂಕಲ್ಪ. ದೇವರು ಇವತ್ತು ನನ್ನನ್ನು ಎಲ್ಲಿ ಕರೆದರು, ನಾನು ಎಲ್ಲಿ ಓಗೊಡಲಿಲ್ಲ ಎಂದು ಕೇಳಿಕೋ ಎಂದರು. 1972ರಲ್ಲಿ ಜಾರ್ಜ್ ಆಶೆನ್‌ಬ್ರೆನ್ನರ್ ಎಂಬ ಅಮೆರಿಕದ ಯೇಸುಸಭೆಯ ಗುರುಗಳು ಬರೆದ ಲೇಖನದಿಂದ ಈ ರೀತಿ ಬಹಳ ಕಡೆ ಹಬ್ಬಿತಂತೆ. ಪಾಪ ಎಣಿಸುವುದು ನಿಂತ ಮೇಲೆಯೇ ನನಗೆ ಪ್ರಾರ್ಥನೆ ಹಿಡಿಸಿದ್ದು.

ನಿವೃತ್ತ ಶಿಕ್ಷಕ, ಹಾಸನ:
ಕೃತಜ್ಞತೆ ಮೊದಲು ಎಂಬುದು 1972ರ ಹೊಸ ಮಾತೇನಲ್ಲ, ಇಗ್ನೇಷಿಯಸರೇ ಮೊದಲನೆಯದಾಗಿ ಇಟ್ಟದ್ದು. ಆದರೆ ಮೂರನೆಯದಾಗಿ ಅವರು ಕೇಳಿದ್ದು ಆಲೋಚನೆ, ಮಾತು, ಕೃತಿಗಳ ಲೆಕ್ಕ. ಈಗಿನವರು ಮೊದಲನೆಯದನ್ನು ಹಿಗ್ಗಿಸಿ ಮೂರನೆಯದನ್ನು ಕುಗ್ಗಿಸಿದ್ದಾರೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 1454ನೇ ಪರಿಚ್ಛೇದ ತೆಗೆದು ನೋಡಿ: ದೇವರ ವಾಕ್ಯದ ಬೆಳಕಿನಲ್ಲಿ ಪರೀಕ್ಷಿಸಿಕೊಳ್ಳಬೇಕು, ಹತ್ತು ಆಜ್ಞೆಗಳನ್ನು, ಯೇಸುವಿನ ಪರ್ವತ ಪ್ರಸಂಗವನ್ನು ಮುಂದಿಟ್ಟುಕೊಳ್ಳಬೇಕು ಎಂದಿದೆ.

ಕುವೈತ್‌ನಿಂದ, ಊರು ಬಂಟ್ವಾಳ:
ಅದು ಪಾಪನಿವೇದನೆಗೆ ಮುನ್ನ ಮಾಡುವ ಸಿದ್ಧತೆಯ ಮಾತು ಸರ್. ಇಲ್ಲಿ ಕೇಳಿರುವುದು ದಿನನಿತ್ಯದ್ದು. ಎರಡನ್ನೂ ಕಲಸಿ ನಮ್ಮ ಮೇಲೆ ಹೊರಿಸಬೇಡಿ.

ಸೊಸೆಯೂ ಅತ್ತೆಯೂ ಆದವಳು, ಉಡುಪಿ:
ಗಂಡಸರು ಪರಿಚ್ಛೇದದ ಸಂಖ್ಯೆ ಹಿಡಿದು ಜಗಳವಾಡಲಿ, ನಾನು ತಂಗಿಗೆ ಹೇಳುತ್ತೇನೆ. ನಾಲ್ಕು ಮಕ್ಕಳ ಮನೆಯಲ್ಲಿ ನಾನು ಆತ್ಮಶೋಧನೆ ಮಾಡಿದ್ದು ಪಾತ್ರೆ ತೊಳೆಯುವಾಗ. ತೇರ್ಸಿನ ಹೊತ್ತಿನಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಚಿವುಟುತ್ತಿದ್ದರು, ಮಾವ ಗದರುತ್ತಿದ್ದರು, ಅಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಅಡುಗೆಮನೆಗೆ ಮಾತ್ರ ಯಾರೂ ಸಹಾಯಕ್ಕೆ ಬರುತ್ತಿರಲಿಲ್ಲ, ಹಾಗಾಗಿ ಅದೇ ನನಗೆ ಏಕಾಂತ. ಬೆಳಗಿನ ದೋಸೆಕಾವಲಿ ಕೈಗೆ ಬಂದರೆ ಬೆಳಗ್ಗೆ ಯಾರಿಗೆ ಏನಂದೆ ಎಂದು ನೆನಪಾಗುತ್ತಿತ್ತು, ಮಧ್ಯಾಹ್ನದ ಸಾರಿನ ಪಾತ್ರೆ ಬಂದರೆ ನಾದಿನಿಯ ಮಾತು. ಕೊನೆಯ ಲೋಟ ಮಗುಚಿಟ್ಟು ಪಶ್ಚಾತ್ತಾಪದ ಪ್ರಾರ್ಥನೆ.

ನಿವೃತ್ತ ಶಿಕ್ಷಕ, ಹಾಸನ:
ಕೆಲಸದ ನಡುವೆ ಮಾಡಿದ್ದು ಪ್ರಾರ್ಥನೆ ಹೌದು, ಆತ್ಮಶೋಧನೆ ಎನ್ನಲಾರೆ. ಮೊಣಕಾಲೂರಿ, ಬೇರೆ ಕೆಲಸ ಬಿಟ್ಟು ಕೂರಬೇಕು.

ಸೊಸೆಯೂ ಅತ್ತೆಯೂ ಆದವಳು, ಉಡುಪಿ:
ಆವಿಲಾದ ಸನ್ಯಾಸಿನಿ ಸಂತ ತೆರೇಸಾ, ದೇವರು ಅಡುಗೆಮನೆಯ ಮಡಕೆಗಳ ನಡುವೆಯೂ ಓಡಾಡುತ್ತಾರೆ ಎಂದು ಬರೆದಿದ್ದಾರೆ. ಅವರಿಗಿಂತ ನೀವು ಹೆಚ್ಚು ತಿಳಿದವರೇ?

ನಿವೃತ್ತ ಶಿಕ್ಷಕ, ಹಾಸನ:
ಅವರು ಅದನ್ನು ಹೇಳಿದ್ದು ವಿಧೇಯತೆಯಿಂದ ಮಾಡುವ ಕೆಲಸದ ಬಗ್ಗೆ. ಆತ್ಮಶೋಧನೆಯ ಬಗ್ಗೆ ಅಲ್ಲ.

ರಾತ್ರಿ ಪಾಳಿಯ ನರ್ಸ್, ಬೆಂಗಳೂರು:
ಮನೆಯಲ್ಲಿ ಪಾತ್ರೆ ತೊಳೆಯುವವರು ಯಾರು ಎಂದು ಮೊದಲು ಹೇಳಿ ಮೇಷ್ಟ್ರೇ.

ಯುವಕ, ಮೈಸೂರು:
ನಮ್ಮ ಧರ್ಮಕೇಂದ್ರದ ಚರ್ಚಿನಲ್ಲಿ ಪಾಪನಿವೇದನೆಗೆ ಇರುವುದು ಶನಿವಾರ ಸಂಜೆ ಐದೂವರೆಯಿಂದ ಆರು. ನನ್ನ ಕೆಲಸ ಬಿಡುವುದೇ ಏಳಕ್ಕೆ. ದಿನವೂ ನೋಡಿಕೊಂಡದ್ದನ್ನೆಲ್ಲ ಎಲ್ಲಿಗೆ ಒಯ್ಯಲಿ? ಎರಡು ಸಲ ಅರ್ಧ ದಿನದ ಸಂಬಳ ಬಿಟ್ಟು ಹೋದರೆ ಮದುವೆಯ ಅಭ್ಯಾಸ ನಡೆಯುತ್ತಿತ್ತು, ಗುರುಗಳು ಬರಲೇ ಇಲ್ಲ.

ನಿವೃತ್ತ ಶಿಕ್ಷಕ, ಹಾಸನ:
ಗುರುಗಳಿಗೂ ನೂರೆಂಟು ಕೆಲಸ. ಮನಸ್ಸಿದ್ದವನು ಬಾಗಿಲು ತಟ್ಟಿ ಕೇಳುತ್ತಾನೆ.

ಯುವಕ, ಮೈಸೂರು:
1983ರ ಧರ್ಮಸಭೆಯ ಕಾನೂನಿನ 986ನೇ ವಿಧಿ ಓದಿ. ಜನರಿಗೆ ಅನುಕೂಲವಾದ ದಿನ ಮತ್ತು ಹೊತ್ತನ್ನು ಗೊತ್ತುಮಾಡಬೇಕಾದದ್ದು ಗುರುಗಳ ಹೊಣೆ ಎಂದಿದೆ. ಇದು ನಾನು ಬೇಡುವ ಭಿಕ್ಷೆಯಲ್ಲ.

ಎರಡು ಮಕ್ಕಳ ತಾಯಿ, ಬೆಂಗಳೂರು:
ಎಲ್ಲರಿಗೂ ವಂದನೆ. ನನ್ನ ನಿದ್ದೆಯ ವಿಷಯಕ್ಕೆ ಯಾರಾದರೂ ಹೇಳುತ್ತೀರಾ? ಪಾತ್ರೆ ತೊಳೆಯುವುದು ಅತ್ತೆಯವರು, ನಾನು ಮಕ್ಕಳನ್ನು ಮಲಗಿಸುತ್ತೇನೆ.

ಹೆಸರು ಬೇಡ, ಮಂಗಳೂರು:
ಹಾಸಿಗೆಯ ಹತ್ತಿರಕ್ಕೂ ಅದನ್ನು ತರಬೇಡಿ ಅಕ್ಕ. ಜಪಸರಕ್ಕೆ ಮುನ್ನ, ಅತ್ತೆಯವರು ಮೇಣದಬತ್ತಿ ಹಚ್ಚುವ ಹೊತ್ತಿಗೆ ಐದು ನಿಮಿಷ ಮೊದಲೇ ಹೋಗಿ ಕುಳಿತುಕೊಳ್ಳಿ. ಹದಿನೈದೇ ಆಗಬೇಕೆಂದು ಹಟ ಹಿಡಿಯಬೇಡಿ. ಪುಸ್ತಕ ಮಾತ್ರ ಬೇಡವೇ ಬೇಡ.

ನಿವೃತ್ತ ಶಿಕ್ಷಕ, ಹಾಸನ:
ಐದು ನಿಮಿಷ ಸರಿ. ಪುಸ್ತಕ ಇರಲಿ.

ಯುವಕ, ಮೈಸೂರು:
ಶನಿವಾರದ ಸಮಯ ಬದಲಾಯಿಸಲು ಮನವಿ ಬರೆದಿದ್ದೇನೆ. ಪಾಳಿಯ ಕೆಲಸದವರ ಸಹಿ ಸಂಗ್ರಹಿಸುತ್ತಿದ್ದೇನೆ. ಬೇರೆ ಧರ್ಮಕೇಂದ್ರಗಳಲ್ಲಿ ಬೆಳಗಿನ ಪೂಜೆಗೆ ಮುನ್ನ ಪಾಪನಿವೇದನೆ ಕೇಳುವ ಗುರುಗಳಿದ್ದರೆ ದಯವಿಟ್ಟು ಹೊತ್ತು ತಿಳಿಸಿ, ಮನವಿಯಲ್ಲಿ ಸೇರಿಸುತ್ತೇನೆ.